ಕೆಟ್ಟ ಸಾಲು ಎತ್ತಿಕೊಟ್ಟವರು

ನೆರೆದಿರುವ ಮಹಾಜನರೇ! ಗೋಡೆಗೊರಗಿ ನಿಂತ ದೀಪದವರೇ, ಮೇಕಪ್ಪಿನವರೇ, ಎದುರಿಗೆ ಕೂತಿರುವ ಪಿಸುಮಾತಣ್ಣನ ಮನೆಯ ಅತ್ತಿಗೆಯವರೇ, ಮಗಳೇ — ಎಲ್ಲರಿಗೂ ನಮಸ್ಕಾರ. ಮೈಕು ಬೇಡ, ತೆಗೀರಿ. ನನ್ನ ಗಂಟಲಿಗೆ ಏನೂ ಆಗಿಲ್ಲ. ಆಗಿರುವುದು ಬರೆಯುವ ಕೈಗೆ.

ಮೂರು ವಾರಕ್ಕೆ ನಮ್ಮ ಹೊಸ ನಾಟಕ. ಟಿಕೆಟ್ಟು ಅಚ್ಚಾಗಿದೆ. ಕೊನೆಯ ದೃಶ್ಯ — ಇಲ್ಲ! ಮಗಳು ಮನೆ ಬಿಟ್ಟು ಹೊರಟಿದ್ದಾಳೆ, ತಂದೆ ಬಾಗಿಲಲ್ಲಿ ನಿಂತಿದ್ದಾನೆ. ಏನನ್ನುತ್ತಾನೆ? ಐದು ತಿಂಗಳಾಯಿತು, ಹಟಮಾರಿ, ತುಟಿ ಬಿಚ್ಚಿಲ್ಲ!

ನಮ್ಮ ಪಿಸುಮಾತಣ್ಣ — ಇಪ್ಪತ್ತೆರಡು ವರ್ಷ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಎತ್ತಿಕೊಟ್ಟ ಪ್ರಾಂಪ್ಟರು — ನನ್ನ ಪೆನ್ನು ನಿಂತಾಗೆಲ್ಲ ಪಕ್ಕಕ್ಕೆ ಬರುತ್ತಿದ್ದರು. ಕನ್ನಡಕ ಹೀಗೆ ಹಣೆಗೇರಿಸಿ —

"ಮೇಷ್ಟ್ರೇ, ಸೇನಾಪತಿ ಸಾಯುವಾಗ 'ರಾಜಾ, ನಾನಿಲ್ಲದ ಸೈನ್ಯ ಒದ್ದೆ ಟವೆಲ್ಲು' ಅಂದ್ರೆ ಹೇಗೆ?"

"ಒದ್ದೆ ಟವೆಲ್ಲೇ! ನಿಮ್ಮ ತಲೆ! ಕೊಡಿ ಇಲ್ಲಿ ಪೆನ್ನು!"

ಗುಡುಗುತ್ತಿದ್ದೆ, ಆ ಸಿಟ್ಟಿನಲ್ಲೇ ಸರಿಯಾದ ಸಾಲು ಬರೆಯುತ್ತಿದ್ದೆ. ಚಪ್ಪಾಳೆ ನನಗೆ; ಅವರು ಮತ್ತೆ ಸ್ಟೂಲಿಗೆ. ಪಾಪ, ಮನುಷ್ಯ ಒಳ್ಳೆಯವರು, ಸಾಹಿತ್ಯ ಮಾತ್ರ ಹತ್ತಿರ ಸುಳಿದಿಲ್ಲ — ಹಾಗಂದುಕೊಂಡಿದ್ದೆ ನಾನು.

ಮೊನ್ನೆ ಅತ್ತಿಗೆ ಹೇಳಿದರು: "ಅಯ್ಯೋ, ಅದಕ್ಕೆ ಮನೇಲೇ ತಾಲೀಮು ನಡೀತಿತ್ತಲ್ಲ! 'ಇದು ಸಾಲದು ಕಣೇ, ಇನ್ನೂ ಕೆಟ್ಟದ್ದೊಂದು ಹೇಳು, ಮೇಷ್ಟ್ರಿಗೆ ಸಿಟ್ಟು ಬರಬೇಕು' ಅನ್ನೋರು. ಆ ಟವೆಲ್ಲು ನಂದೇ."

ನಗಿರಿ, ನಗಿರಿ — ಅತ್ತಿಗೆಯೇ ನಗುತ್ತಿದ್ದಾರೆ. ನನಗೆ ಮಾತ್ರ ನಗುವ ಹಕ್ಕಿಲ್ಲ! ಲಕ್ವ ಹೊಡೆದು ಅವರ ಮಾತು ಹೋಗಿ ಐದು ತಿಂಗಳು; ಈಗ ಅವರೇ ಹೋದರು. ಹಾಸಿಗೆಯ ಪಕ್ಕ ಕೂತು ನಾನು ನನ್ನ ನಾಟಕದ ಗೋಳು ತೋಡಿಕೊಳ್ಳುತ್ತಿದ್ದೆ. ಅವರು ತುಟಿ ಅಲುಗಿಸುತ್ತಿದ್ದರು. ಅಲುಗಿಸುತ್ತಲೇ ಇದ್ದರು. ನಾನು — ಈ ಮಹಾ ನಾಟಕಕಾರ — ಬಾಯಾರಿಕೆ ಎಂದುಕೊಂಡು ನೀರು ಕುಡಿಸಿದೆ!

ಸಾಲು ಎತ್ತಿಕೊಡಲು ಹೊರಟವರಿಗೆ ನೀರು ಕುಡಿಸಿದೆ, ಮಹಾಜನರೇ.

ನನ್ನ ಪಾಲಿನ ಕೆಟ್ಟ ಸಾಲುಗಳನ್ನೆಲ್ಲ ಅವರೇ ಆಡಿ, ಬೈಸಿಕೊಂಡರು. ಒಂದನ್ನಾದರೂ ಬರೆಯುವ ಎದೆಗಾರಿಕೆ ನನಗೆ ಬರಲೇ ಇಲ್ಲ. ಹಾಳೆ ಖಾಲಿ ಇರುವುದು ಅದಕ್ಕೇ; ಬೇರೆ ಯಾವ ಕಾರಣವೂ ಇಲ್ಲ, ಸುಡುಗಾಡು!

ಏಳಿ, ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಯಾರೂ ಯಾರಿಗೂ ಮಾತು ಎತ್ತಿಕೊಡಬೇಡಿ. ಅದಕ್ಕೆ ಮುಂಚೆ ಒಂದು ಮಾತು — ನಟರೆಲ್ಲ ಬೈಯಲು ತಯಾರಾಗಿ ಬನ್ನಿ. ನಾಳೆ ಬೆಳಿಗ್ಗೆ ಹತ್ತಕ್ಕೆ, ತಾಲೀಮಿನ ಕೋಣೆಯಲ್ಲಿ, ಆ ತಂದೆಯ ಬಾಯಿಗೊಂದು ದರಿದ್ರ ಸಾಲು ಬರೆದು, ನಿಮ್ಮೆಲ್ಲರ ಎದುರಿಗೆ ಗಟ್ಟಿಯಾಗಿ ಓದುತ್ತೇನೆ.