ಕುಡುಕನ ಮನೆ ಯಾವುದು?

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ಮಂಡಿನೋವಿನ ದರ್ಜಿ ನಿಂತಿದ್ದ. ಅವನ ಮುಂದೆಯೇ ಅಕ್ಕತಂಗಿಯರಿಬ್ಬರ ಮಾತು. ಕಿವಿ ಮುಚ್ಚಿಕೊಳ್ಳಲು ಅವನಿಗೇನು ಹುಚ್ಚೇ?

“ಅಕ್ಕಾ, ನಾನು ಊರಲ್ಲಿಲ್ದಾಗ ನಿನ್ನ ಮಗನ ಕುಡಿತ ಬಿಡಿಸೋಕೆ ಪೊಲೀಸಪ್ಪ, ನರ್ಸಮ್ಮ ಜೊತೇಲೇ ಬಂದಿದ್ರಂತೆ?”

“ಬಂದ್ರು ತಾಯಿ. ನಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಪೊಲೀಸಪ್ಪ ಮಫ್ತೀಲಿ ಬಂದು, ಬೀದಿ ಮಧ್ಯ ನಿಂತು ‘ಕುಡುಕನ ಮನೆ ಯಾವುದ್ರೀ’ ಅಂತ ಕೂಗಿದ್ರು.”

“ಆಹಾ, ಗುಟ್ಟು ಅಂದ್ರೆ ಹಾಗಿರ್ಬೇಕು! ಜನ ತೋರಿಸಿದ್ರಾ?”

“ಬಿಡ್ತಾರಾ? ಒಬ್ಬೊಬ್ರು ಒಂದೊಂದು ಮನೆ ತೋರಿಸಿದ್ರು. ಕೊನೆಗೆ ಇವನೇ ಹೊರಗೆ ಬಂದು ‘ನಾನೇ ಸಾರ್’ ಅಂದ. ನನ್ನ ಹತ್ರ ಒಂದಿನಾನೂ ಒಪ್ಕೊಂಡಿರ್ಲಿಲ್ಲ.”

ತಂಗಿಗೆ ನಗು ತಡೆಯಲಾಗಲಿಲ್ಲ. “ಬೇರೆ ಯಾರ್ಯಾರ ಮನೆ ತೋರಿಸಿದ್ರು?”

“ನಿಮ್ಮನೇನೂ ತೋರಿಸಿದ್ರು. ನಿನ್ನ ಯಜಮಾನ್ರು ಬಾಗಿಲು ಹಾಕ್ಕೊಂಡ್ರು.”

ನಗು ನಿಂತಿತು.

“ನರ್ಸಮ್ಮ ಒಳಗೇ ಇದ್ದಾರೆ ಕಣೆ,” ಅಂದಳು ಅಕ್ಕ.

ಇಬ್ಬರೂ ಸಾಲು ಬಿಟ್ಟು ನರ್ಸಮ್ಮನ ಕೋಣೆಯತ್ತ ನಡೆದರು. ತಂಗಿಯೇ ಮುಂದೆ.