ಮಂಜಿನ ಕಡಲಿಗೆ ಬಿದ್ದ ಭಾರತಮ್ಮನ ಫೋಟೊ

ಮುಳಬಾಗಿಲಿನಲ್ಲಿ ಸಂಜೆಗೇ ಹಿಡಿದ ಮಳೆ ಬಿಡುವಂತಿರಲಿಲ್ಲ. ಕರೆಂಟು ಹೋಗಿತ್ತು. ಫೋಟೊ ತೆಗೆಸಲು ಬಂದಿದ್ದ ಚಂದ್ರು ಸ್ಟುಡಿಯೋದ ಬೆಂಚಿನ ಮೇಲೆಯೇ ಉಳಿದುಬಿಟ್ಟಿದ್ದ. ಸ್ಟುಡಿಯೋ ನಡೆಸುವ ಸತ್ತಾರ್ ಸಾಬರ ಮೊಮ್ಮಗಳು ಶಿರೀನ್ ಮೇಣದಬತ್ತಿ ಹಚ್ಚಿ ಚಹಾ ತಂದಿಟ್ಟಳು.

"ಯಾವುದಾದ್ರೂ ದೆವ್ವದ ಕತೆ ಹೇಳಿ ಸಾಬ್ರೇ. ನಾನೇನು ಹೆದರಲ್ಲ" ಎಂದ ಚಂದ್ರು.

"ಆಹಾ, ಗುಡುಗು ಬಂದಾಗ ಬೆಂಚಿಂದ ಎಗರಿದ್ದು ಯಾರೋ!" ಎಂದಳು ಶಿರೀನ್.

ಸಾಬರು ನಗಲಿಲ್ಲ. ಹೇಳಲೋ ಬೇಡವೋ ಎಂದು ತಿಂಗಳುಗಳಿಂದ ಅವರನ್ನು ಕಾಡುತ್ತಿದ್ದ ವಿಷಯವೊಂದಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ತಪ್ಪು ತಿಳ್ಕೋಬೇಡ್ರಪ್ಪ. ಹೋದೋರ ವಿಷಯ, ಹೇಳೋಕೆ ನಾನ್ಯಾರು? ಎಲ್ಲಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ... ಕೋದಂಡರಾಮಪ್ಪ ಅಂತ, ಬಸ್ ಕಂಡಕ್ಟರ್ ಆಗಿದ್ದೋರು. ರಿಟೈರ್ ಆದ ವರ್ಷವೇ ಹೆಂಡ್ತಿ ಭಾರತಮ್ಮ ತೀರ್ಕೊಂಡ್ರು. ಮಕ್ಕಳಿಲ್ಲ, ಮಾತಾಡೋಕೆ ಗೋಡೆ ಒಂದೇ. ಇಬ್ಬರೂ ಸುತ್ತಾಡಿದಾಗ ತೆಗೆದ ಫೋಟೊಗಳಿದ್ವು. ಆ ಹಳೇ ಕ್ಯಾಮೆರಾಗೆ ತೆಗೆದಿದ್ದು ಯಾವ ಊರು ಅಂತ ಗೊತ್ತಾಗ್ತಿರಲಿಲ್ಲ. ಆಯಪ್ಪ ಕಂಪ್ಯೂಟರ್ ಮುಂದೆ ಕೂತು ಒಂದೊಂದಕ್ಕೂ ತಾವೇ ಜಾಗ ಹಾಕೋಕೆ ಶುರು ಮಾಡಿದ್ರು... ಮ್ಯಾಪ್ ತೆಗೆದ್ರೆ ಊರೂರಲ್ಲೂ ಆಯಮ್ಮ ಕಾಣಬೇಕು, ಅಷ್ಟೇ ಆಸೆ.

"ಜಾಗಕ್ಕೆ ಎರಡು ನಂಬರ್ ಇರುತ್ತೆ, ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಮ್ಮ ಕಡೆಗೆ ಹದಿಮೂರು, ಎಪ್ಪತ್ತೆಂಟು. ನೋಟು ಜೋಡಿಸುವಾಗ ದೊಡ್ಡದು ಮೇಲಿಟ್ಟು ಅಭ್ಯಾಸವಾದ ಕೈ ನೋಡಿ, ಇಲ್ಲೂ ದೊಡ್ಡದನ್ನೇ ಮೊದಲು ಹಾಕ್ಬಿಟ್ರು. ಮೊದಲನೇದು ತೊಂಬತ್ತು ದಾಟಿದ್ರೆ ಕಂಪ್ಯೂಟರೇ ಬೇಡ ಅಂತಿತ್ತು. ಎಪ್ಪತ್ತೆಂಟು ಅಲ್ವಾ... ಒಪ್ಕೊಂಡ್ಬಿಡ್ತು. ಆ ಜಾಗ ಯಾವುದು ಗೊತ್ತಾ? ಭೂಮಿ ನೆತ್ತಿ ಹತ್ರ, ಬರೀ ಮಂಜಿನ ಕಡಲು!"

"ಅಯ್ಯೋ, ತಿರುಗಿಸಿ ಹಾಕಿದ್ರೆ ಆಯ್ತಲ್ಲ" ಎಂದ ಚಂದ್ರು.

"ಕೇಳ್ಲಾ. ಸುಡು ಬೇಸಿಗೆ ಮಧ್ಯಾಹ್ನ ಆಯಪ್ಪ ನನ್ನನ್ನ ತಮ್ಮ ಮನೆಗೆ ಕರ್ಕೊಂಡು ಹೋದ್ರು. ದೇವರಾಯಸಮುದ್ರದ ಕೆರೆ ಕಟ್ಟೆ ಮೇಲೆ ಆಯಮ್ಮ ಸೊಂಟಕ್ಕೆ ಕೈ ಇಟ್ಟು ನಗ್ತಾ ನಿಂತಿರೋ ಫೋಟೊ, ನಾನೇ ಪ್ರಿಂಟ್ ಹಾಕಿ ಕೊಟ್ಟಿದ್ದು, ಗೋಡೆ ಮೇಲಿತ್ತು. ಅದೇ ಫೋಟೊ ಕಂಪ್ಯೂಟರಲ್ಲಿ ತೆಗೆದ್ರು... ನಗು ಇಲ್ಲ. ಸೆರಗು ಮೈತುಂಬಾ ಸುತ್ಕೊಂಡು, ಕೈ ಕಂಕುಳಲ್ಲಿ ಇಟ್ಕೊಂಡು, ತುಟಿ ನೀಲಿ. 'ಸಾಬ್ರೇ, ನನ್ನವಳಿಗೆ ಚಳಿ ಆಗ್ತಾ ಇದೆ' ಅಂದ್ರು.

"ಇಬ್ಬರೂ ಕೂತು ನಂಬರ್ ಸರಿಮಾಡಿದ್ವಿ. ಒಂದೊಂದು ಫೋಟೊ ಸರಿಯಾದಂಗೆಲ್ಲಾ ಆಯಮ್ಮನ ಸೆರಗು ಸಡಿಲ ಆಗ್ತಾ ಬಂತು. ಕೆರೆ ಕಟ್ಟೆದು ಮಾತ್ರ ಆಗಲಿಲ್ಲ. ಬರೆಯೋಕಾಗಲ್ಲ, ಬರೆಯೋಕಾಗಲ್ಲ, ಕಂಪ್ಯೂಟರಿಂದ ಇದೊಂದೇ ಉತ್ತರ. ಲಾಕ್ ಏನಾದ್ರೂ ಇದ್ಯಾ ಅಂತ ನೋಡಿದ್ವಿ, ಇಲ್ಲ. ಫೈಲಿನ ಹೆಸರು ಬದಲಾಯಿಸಿದ್ವಿ, ಆಗಲಿಲ್ಲ. ಕೊನೆಗೆ ಇನ್ನೊಂದು ಕಾಪಿ ಮಾಡಿ, ಆ ಕಾಪಿಗೆ ಸರಿ ನಂಬರ್ ಹಾಕಿದ್ರೆ ತಗೊಳ್ತು! ತೆಗೆದು ನೋಡ್ತೀವಿ... ಕಟ್ಟೆ ಇದೆ, ನೀರಿದೆ, ಬಿಸಿಲಿದೆ. ಆಯಮ್ಮ ಇಲ್ಲ."

ಶಿರೀನ್ ತಾತನ ಹತ್ತಿರಕ್ಕೆ ಸರಿದು ಕುಳಿತಳು.

"ಅದೇ ದಿನ, ಅದೇ ಕಟ್ಟೆ ಮೇಲೆ, ಆಯಮ್ಮ ತೆಗೆದ ಆಯಪ್ಪನ ಫೋಟೊನೂ ಒಂದಿತ್ತು. ನಾನು ಬೇಡ ಬೇಡ ಅಂದ್ರೂ ಅದಕ್ಕೆ ಬೇಕಂತಲೇ ನಂಬರ್ ತಿರುಗಿಸಿ ಹಾಕಿದ್ರು. 'ಒಬ್ಬಳೇ ಇದಾಳೆ ಸಾಬ್ರೇ' ಅಂದ್ರು, ಅಷ್ಟೇ. ಮಾರನೇ ದಿನ ಬಾಗಿಲು ಒಡೆದಾಗ ಕುರ್ಚಿಯಲ್ಲಿ ಕೂತ ಹಾಗೇ ಇದ್ರು. ಅಂಥಾ ಬಿಸಿಲಲ್ಲಿ, ಹುಬ್ಬಿನ ಮೇಲೆಲ್ಲಾ ಮಂಜು...

"ಆ ಕಂಪ್ಯೂಟರ್ ಈಗ ಇಲ್ಲೇ ಇದೆ, ಪರದೆ ಹಿಂದೆ. ಯಾರೂ ತಗೊಳ್ಳಲಿಲ್ಲ. ಮೊನ್ನೆ ತೆಗೆದು ನೋಡ್ದೆ. ಆ ಸರಿಹೋಗದ ಫೋಟೊದಲ್ಲಿ ಆಯಮ್ಮ ಇನ್ನೂ ನಡುಗ್ತಾನೇ ಅವ್ರೆ. ತಮ್ಮ ಫೋಟೊದಲ್ಲಿ ಆಯಪ್ಪ ಟವೆಲ್ ತಲೆಗೆ ಸುತ್ಕೊಂಡು, ಕಣ್ಣಿಗೆ ಕೈ ಅಡ್ಡ ಇಟ್ಕೊಂಡು, ದೂರದಲ್ಲಿ ಯಾರನ್ನೋ ಹುಡುಕೋ ಹಾಗೆ ನಿಂತವ್ರೆ. ಜಾಗ ಒಂದೇ, ಫೋಟೊ ಮಾತ್ರ ಬೇರೆ ಬೇರೆ. ಅಲ್ಲಿ ಒಬ್ಬರಿಗೊಬ್ಬರು ಕಾಣ್ತಾರೋ ಇಲ್ವೋ... ನನಗೆ ಗೊತ್ತಿಲ್ಲಪ್ಪ."