ಹೊಸ ಮಾಡಲ್ ಬರಲಿ ಅಂದವರು

ತೊಂಬತ್ತನಾಲ್ಕರಲ್ಲಿ ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಲ್ಯಾಣದುರ್ಗದ ಬಸ್ಸಿಗೆ ಕಾಯುತ್ತಿದ್ದೆ. ಅದೇ ಬೆಂಚಿನಲ್ಲಿ ಮಗ್ಗಗಳ ಸಾಹುಕಾರ ಸುಬ್ಬರಾಯಪ್ಪ ಕೂತಿದ್ದ. ಪಕ್ಕದಲ್ಲಿ ಅವನ ಸೀರೆಗಳ ಅಂಚನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುವ ಬನಶಂಕರಮ್ಮ.

“ಅಂಚು ಬರೆಯೋಕೆ ಈಗ ಕಂಪ್ಯೂಟರ್ ತಗೊಂಡ್ರೆ ದಡ್ಡತನ ಕಣಮ್ಮ. ಇನ್ನಾರು ತಿಂಗ್ಳಿಗೆ ಹೊಸ ಮಾಡಲ್ ಬತ್ತದಂತೆ.”

“ಹೋದ ದಸರಾದಾಗೂ ಇದೇ ಅಂದ್ರಿ. ಆಗ ಬತ್ತದೆ ಅಂದಿದ್ದು ಬಂದೈತಲ್ಲ, ಅದೂ ಹಳೇದಾಗೋಯ್ತಾ?”

“ತೊಂದರಪಡಕೂಡದಮ್ಮಾ, ದುಡುಕಬಾರ್ದು. ನಿನ್ನ ಕೈ ಐತಲ್ಲ.”

“ಐತೆ. ಒಂದು ನವಿಲಿಗೆ ಎಂಟು ದಿನ. ಒಂದು ಚೌಕ ತಪ್ಪಿದ್ರೆ ಹಾಳೆ ಹರಿದಾಕಿ ಮೊದಲಿಂದ ಬರೀಬೇಕು. ಎಣಿಸಿ ಎಣಿಸಿ ಕಣ್ಣು ಹೋದ್ವು.”

“ಕನ್ನಡಕ ಕೊಡಿಸ್ತೀನಿ ಬಿಡು.”

“ಅಬ್ಬಾ, ದೊಡ್ಡ ಮನಸ್ಸು! ಹದಿನೈದು ವರ್ಷಕ್ಕೆ ನನಗೂ ಕಣ್ಣೈತೆ ಅಂತ ಗೊತ್ತಾಯ್ತು ನಿಮಗೆ.”

ಗೋರಂಟ್ಲದ ಬಸ್ಸು ಬಂತು. ಆಕೆ ಚೀಲ ಹಿಡಿದು ಎದ್ದಳು.

“ಅದು ನಮ್ಮ ಬಸ್ಸಲ್ಲ ಕಣಮ್ಮ.”

“ನಂದೇ. ಗೋರಂಟ್ಲದ ಮಗ್ಗದ ಸಾಹುಕಾರ ಕೇಶವಯ್ಯ ಕಂಪ್ಯೂಟರ್ ತಂದ್ಬುಟ್ಟವ್ನೆ. ಇವತ್ತಿಂದ ಅಲ್ಲಿ ಕೆಲಸಕ್ಕೆ ಹೋಯ್ತೀನಿ.”

“ಮತ್ತೆ ನಾನು ಒಪ್ಕಂಡಿರೋ ಮದುವೆ ಸೀರೆ ಆರ್ಡರು? ಅಂಚು ಯಾರು ಬರೀತಾರೆ?”

ಹತ್ತಿ ಕೂತವಳು ಕಿಟಕಿಯಿಂದ ಅವನನ್ನು ನೋಡಿದಳು.

“ಇನ್ನಾರು ತಿಂಗ್ಳು ಕಾಯಿರಿ. ನನಗಿಂತ ಹೊಸ ಮಾಡಲ್ ಬತ್ತಾಳೆ.”